ರಫ್ ನೋಟ್‌ಬುಕ್ಕಿನ ಕೊನೆಯ ಪುಟ

ಈ ಸಲ ಒಂದೇ ಪತ್ರಕ್ಕೆ ಜಾಸ್ತಿ ಜಾಗ ಕೊಟ್ಟಿದ್ದೇನೆ. ಉಳಿದವರು ಬೇಜಾರು ಮಾಡಿಕೊಳ್ಳಬೇಡಿ. ಪತ್ರ ಬರೆದವರ ಗುರುತು ಸಿಗದ ಹಾಗೆ ಕೆಲವು ವಿವರ ಬದಲಾಯಿಸಿದ್ದೇನೆ.

ಪ್ರಶ್ನೆ: ಮೇಡಂ, ನಮಸ್ಕಾರ. ನಾವು ರಾಜಾಜಿನಗರದವರು. ನಮ್ಮ ಯಜಮಾನರಿಗೆ ಪೀಣ್ಯದಲ್ಲಿ ಕೆಲಸ, ನಾನು ಒಂದು ಅಂಗಡಿಯಲ್ಲಿ ಲೆಕ್ಕ ಬರೆಯುತ್ತೇನೆ. ಒಬ್ಬಳೇ ಮಗಳು. 15 ವರ್ಷ, ಎಸ್‌ಎಸ್‌ಎಲ್‌ಸಿ. ಹೋದ ವರ್ಷದವರೆಗೆ 90ರ ಮೇಲೆ ತೆಗೆಯುತ್ತಿದ್ದವಳು ಈ ಪ್ರಿಪರೇಟರಿಯಲ್ಲಿ 61 ತೆಗೆದಿದ್ದಾಳೆ. ಜೂನ್‌ನಲ್ಲಿ ಮನೆ ಬದಲಾಯಿಸಿದೆವು. ದೀಪಾವಳಿಗೆ ಮುಂಚೆ ನಮ್ಮತ್ತೆ ತೀರಿಕೊಂಡರು. ಅವಳು ಹುಟ್ಟಿದಾಗಿನಿಂದ ಮಲಗುತ್ತಿದ್ದುದೇ ಅಜ್ಜಿಯ ಪಕ್ಕ. ಆಮೇಲೆ ಕ್ಲಾಸಿನ ಕೆಲವರು ಅವಳ ಬಣ್ಣ ಕಪ್ಪು ಅಂತ ಗೇಲಿ ಮಾಡಿ, ಫೋಟೋಗೆ ಏನೇನೋ ಅಂಟಿಸಿ ವಾಟ್ಸಾಪ್ ಗ್ರೂಪಿಗೆ ಹಾಕಿದ್ದರಂತೆ. ನನಗೆ ಇದು ಗೊತ್ತಾಗಿದ್ದು ಹೋದ ವಾರ. ರಾತ್ರಿ ಎರಡರವರೆಗೂ ನಿದ್ದೆ ಮಾಡುವುದಿಲ್ಲ. ಮಾತಾಡಿಸಿದರೆ ಸಿಡುಕುತ್ತಾಳೆ. ಡ್ಯಾನ್ಸ್ ಕ್ಲಾಸ್ ಬಿಟ್ಟಳು. ಮೊನ್ನೆ ದಿನಸಿ ಚೀಟಿ ಬರೆಯೋಣ ಅಂತ ಅವಳ ರಫ್ ನೋಟ್‌ಬುಕ್ಕಿನ ಹಾಳೆ ಹರಿಯಲು ಹೋದೆ. ಕೊನೆಯ ಪುಟದಲ್ಲಿ 'ನಾನಿಲ್ದೇ ಇದ್ರೆ ಎಲ್ಲರಿಗೂ ನಿರಾಳ' ಅಂತ ಬರೆದಿತ್ತು. ಯಜಮಾನರಿಗೆ ತೋರಿಸಿದೆ. 'ಈ ವಯಸ್ಸಲ್ಲಿ ಎಲ್ಲಾ ಹೀಗೇ ಆಡ್ತಾರೆ, ಮೊಬೈಲ್ ಕಿತ್ಕೊಂಡ್ರೆ ಸರಿಹೋಗ್ತಾಳೆ' ಅಂದರು. ಇದೆಲ್ಲ ಮಾರ್ಕ್ಸ್ ಟೆನ್ಷನ್ನಾ? ನಾನು ಬಾಯಿಬಿಟ್ಟು ಕೇಳಲಾ? ಕೇಳಿದರೆ ಇಲ್ಲದ ಯೋಚನೆಯನ್ನು ನಾನೇ ತಲೆಗೆ ಹಾಕಿದ ಹಾಗೆ ಆಗುವುದಿಲ್ಲವಾ?

ಉತ್ತರ: ಕೇಳಿ. ಇವತ್ತೇ ಕೇಳಿ. ಈ ಸಂಚಿಕೆ ನಿಮ್ಮ ಕೈ ಸೇರುವವರೆಗೆ ಕಾಯುವುದು ಬೇಡ ಅಂತ ನಿಮಗೆ ಫೋನಿನಲ್ಲೂ ಇದನ್ನೇ ಹೇಳಿದ್ದೇನೆ. ನಿಮ್ಮ ಹಾಗೆ ನೋಟ್‌ಬುಕ್ ಮುಚ್ಚಿಟ್ಟು, ಎದೆ ಹಿಡಿದುಕೊಂಡು ಕೂತ ತಾಯಂದಿರು ಇನ್ನೂ ಇದ್ದಾರೆ. ಅದಕ್ಕೇ ಇಲ್ಲಿ ಮತ್ತೆ ಬರೆಯುತ್ತಿದ್ದೇನೆ.

ಕೇಳಿದರೆ ಯೋಚನೆ ಹುಟ್ಟಿಕೊಳ್ಳುತ್ತದೆ ಅನ್ನುವ ಹೆದರಿಕೆ ಎಲ್ಲರಿಗೂ ಇದೆ. ಅದು ನಿಜವಲ್ಲ. ಇದನ್ನು ಬೇರೆ ಬೇರೆ ದೇಶಗಳಲ್ಲಿ ಪರೀಕ್ಷೆ ಮಾಡಿ ನೋಡಿದ್ದಾರೆ. ಸಾಯುವ ಯೋಚನೆ ಬರುತ್ತಿದೆಯಾ ಅಂತ ನೇರವಾಗಿ ಕೇಳಿದ್ದರಿಂದ ಆ ಯೋಚನೆ ಹೆಚ್ಚಾಗುವುದಿಲ್ಲ. ಎಷ್ಟೋ ಮಕ್ಕಳಿಗೆ ಕೇಳಿದ ಮೇಲೆ ಮನಸ್ಸು ಸ್ವಲ್ಪ ಹಗುರವಾಗುತ್ತದೆ. ನಿಮ್ಮ ಮಗಳ ವಿಷಯದಲ್ಲಂತೂ ಯೋಚನೆ ಆಗಲೇ ಬಂದಿದೆ, ಪೆನ್ನಿನಲ್ಲಿ ಬರೆದಿಟ್ಟಿದ್ದಾಳೆ. ಅದನ್ನು ಅವಳು ಒಬ್ಬಳೇ ಇಟ್ಟುಕೊಂಡಿದ್ದಾಳೆ.

ನೀವು ಕೇಳಿದ್ದು ಮಾರ್ಕ್ಸ್ ಬಗ್ಗೆ. ನಿಮ್ಮ ಪತ್ರವನ್ನು ನಾನು ಮೂರು ಸಲ ಓದಿದೆ. ಮೊದಲು 61 ಅಂತ ಬರೆದಿದ್ದೀರಿ, ಆಮೇಲೆ ಉಳಿದದ್ದೆಲ್ಲ. ಆದರೆ ನಡೆದಿದ್ದು ಉಲ್ಟಾ. ಮನೆ ಬದಲಾಯಿತು, ಹಳೇ ಬೀದಿಯ ಗೆಳತಿಯರು ದೂರವಾದರು. ಅಜ್ಜಿ ಹೋದರು. ಫೋಟೋ ಹಾಕಿ ಕ್ಲಾಸೆಲ್ಲ ನಕ್ಕಿತು. ನಿದ್ದೆ ಹೋಯಿತು. ಇಷ್ಟೆಲ್ಲ ಆದ ಮೇಲೆ ಬಂದಿದ್ದು 61. ನನ್ನ ಕಣ್ಣಿಗೆ ಅದು ಜ್ವರ ಬಂದಾಗ ಥರ್ಮಾಮೀಟರ್ ತೋರಿಸುವ ಅಂಕಿಯ ಹಾಗೆ ಕಾಣುತ್ತದೆ. ಅದನ್ನೇ ಕಾಯಿಲೆ ಅಂದುಕೊಂಡು ಟ್ಯೂಷನ್ ಜಾಸ್ತಿ ಮಾಡಿದರೆ ಮಗು ಇನ್ನೂ ಕುಸಿಯುತ್ತದೆ.

ಪ್ರತಿ ವರ್ಷ ರಿಸಲ್ಟ್ ದಿನ ಟಿವಿಯಲ್ಲಿ ಇಂಥ ಸುದ್ದಿ ಬರುವುದರಿಂದ ನಮ್ಮೆಲ್ಲರ ತಲೆಯಲ್ಲಿ ಪರೀಕ್ಷೆಯೇ ಕೂತುಬಿಟ್ಟಿದೆ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ 2021ರ ವರದಿ ತೆಗೆದು ನೋಡಿ. 18 ವರ್ಷದ ಒಳಗಿನ ಮಕ್ಕಳ ಆತ್ಮಹತ್ಯೆಗೆ ಕಾರಣ ಅಂತ ಬರೆದಿರುವುದರಲ್ಲಿ ಮೊದಲು ಬರುವುದು 'ಕೌಟುಂಬಿಕ ಸಮಸ್ಯೆ'. ಪರೀಕ್ಷೆಯಲ್ಲಿ ಫೇಲಾಗಿದ್ದು ಅದರ ಹಿಂದೆ ಬರುತ್ತದೆ. ಆ ಪಟ್ಟಿಯ ಮೇಲೂ ನನಗೆ ಪೂರ್ತಿ ಸಮಾಧಾನವಿಲ್ಲ. ಒಂದು ಸಾವಿಗೆ ಒಂದೇ ಕಾರಣ ಬರೆಯಲು ಅಲ್ಲಿ ಜಾಗವಿರುತ್ತದೆ. ಮಕ್ಕಳ ವಿಷಯದಲ್ಲಿ ಒಂದೇ ಕಾರಣ ಅನ್ನುವುದನ್ನು ನಾನು ನನ್ನ 22 ವರ್ಷದ ಕೆಲಸದಲ್ಲಿ ಒಂದು ಸಲವೂ ಕಂಡಿಲ್ಲ. ಮೂರು ನಾಲ್ಕು ಕಷ್ಟ ಒಟ್ಟಿಗೆ ಬಂದಿರುತ್ತವೆ. ಮಗು ಅದನ್ನು ಹೇಳಿಕೊಳ್ಳಲು ಹೋಗುತ್ತಿದ್ದ ಮನುಷ್ಯ ಅದೇ ಹೊತ್ತಿಗೆ ಇಲ್ಲವಾಗಿರುತ್ತಾರೆ. ನಿಮ್ಮ ಮನೆಯಲ್ಲಿ ಆ ಮನುಷ್ಯ ಅಜ್ಜಿ, ಅಲ್ವಾ?

ಯಾವ ಮಕ್ಕಳಲ್ಲಿ ಈ ಯೋಚನೆ ಜಾಸ್ತಿ ಬರುತ್ತದೆ ಅನ್ನುವುದು ಈಗ ತಕ್ಕಮಟ್ಟಿಗೆ ಗೊತ್ತಿದೆ. ಎಲ್ಲಕ್ಕಿಂತ ದೊಡ್ಡ ಎಚ್ಚರಿಕೆ, ಹಿಂದೆ ಒಂದು ಸಲ ಪ್ರಯತ್ನ ಮಾಡಿರುವುದು ಅಥವಾ ಬೇಕಂತಲೇ ತನಗೆ ತಾನೇ ಗಾಯ ಮಾಡಿಕೊಂಡಿರುವುದು. ಬಿರುಬಿಸಿಲಿನಲ್ಲೂ ತುಂಬು ತೋಳಿನ ಸ್ವೆಟರ್ ತೆಗೆಯದ ಮಕ್ಕಳನ್ನು ಗಮನಿಸಿ ಅಂತ ನಾನು ಟೀಚರುಗಳಿಗೆ ಹೇಳುತ್ತಿದ್ದುದು ಇದಕ್ಕೇ. ಆಮೇಲೆ ಡಿಪ್ರೆಶನ್. ದೊಡ್ಡವರಿಗೆ ಡಿಪ್ರೆಶನ್ ಬಂದರೆ ಮಂಕಾಗುತ್ತಾರೆ. ಮಕ್ಕಳಲ್ಲಿ ಎಷ್ಟೋ ಸಲ ಅದು ಸಿಡುಕಾಗಿ ಹೊರಗೆ ಬರುತ್ತದೆ. ನಾವು ಅದಕ್ಕೆ 'ಕೊಬ್ಬು' ಅಂತ ಹೆಸರಿಡುತ್ತೇವೆ. ಮನೆಯಲ್ಲಿ ದಿನಾ ಜಗಳ, ಕುಡಿತ, ಹೊಡೆತ. ಮೈಮೇಲೆ ಕೈಹಾಕಿದವರು ಮನೆಯವರೇ ಆಗಿದ್ದು ಹೇಳಿಕೊಳ್ಳಲಾಗದ ಸ್ಥಿತಿ. ಸ್ಕೂಲಿನಲ್ಲಿ ಅಥವಾ ಫೋನಿನಲ್ಲಿ ಗೇಲಿ. ತಾನು ಬೇರೆ ಹುಡುಗರ ಹಾಗೆ, ಬೇರೆ ಹುಡುಗಿಯರ ಹಾಗೆ ಇಲ್ಲ ಅಂತ ಗೊತ್ತಾಗಿ, ಮನೆಯಲ್ಲಿ ಹೇಳಿದರೆ ಒದ್ದು ಓಡಿಸುತ್ತಾರೆ ಅನ್ನುವ ಭಯ. ಪ್ರೀತಿ ಮುರಿದುಬಿದ್ದದ್ದು. ದೊಡ್ಡವರಿಗೆ ಇದು ನಗೆಯ ವಿಷಯ, ಆ ವಯಸ್ಸಿಗೆ ಅಲ್ಲ. ಕುಟುಂಬದಲ್ಲೋ ಗೆಳೆಯರಲ್ಲೋ ಯಾರಾದರೂ ಹಾಗೆ ಹೋಗಿರುವುದು. ಮತ್ತು ನಿದ್ದೆ. ನಿದ್ದೆಗೆಟ್ಟ ಮಗುವನ್ನು ನಾವು ಹಗುರವಾಗಿ ತೆಗೆದುಕೊಳ್ಳುತ್ತೇವೆ. ವಾರಗಟ್ಟಲೆ ನಿದ್ದೆ ಇಲ್ಲದಿದ್ದರೆ ಎಂಥ ಗಟ್ಟಿ ಮನುಷ್ಯನಿಗೂ ಎಲ್ಲಾ ಬಾಗಿಲು ಮುಚ್ಚಿದ ಹಾಗೆ ಕಾಣುತ್ತದೆ.

ಇವುಗಳಲ್ಲಿ ಒಂದೋ ಎರಡೋ ಇರುವ ಮಕ್ಕಳು ಲಕ್ಷಾಂತರ. ಅವರಲ್ಲಿ ಬಹಳಷ್ಟು ಜನ ದಾಟಿಕೊಂಡು ಹೋಗುತ್ತಾರೆ. ಹಾಗಾಗಿ ಪಟ್ಟಿ ಹಿಡಿದು ಟಿಕ್ ಹಾಕುತ್ತಾ ಹೆದರುವುದು ಬೇಡ. ಆದರೆ ನಿಮ್ಮ ಮಗಳು ಬರೆದ ಸಾಲು ಬೇರೆ ತರಹದ್ದು. 'ನನಗೆ ಬೇಜಾರು' ಅಂತ ಅವಳು ಬರೆದಿಲ್ಲ. ತಾನು ನಿಮಗೆಲ್ಲ ಭಾರ, ತಾನು ಹೋದರೆ ನಿಮಗೆ ನಿರಾಳ ಅಂತ ಬರೆದಿದ್ದಾಳೆ. ಈ 'ನಾನು ಭಾರ' ಅನ್ನುವ ಮಾತು ಯಾವ ಮಗುವಿನ ಬಾಯಲ್ಲಿ ಬಂದರೂ ನಾನು ಕೈಯಲ್ಲಿದ್ದ ಕೆಲಸ ಬಿಟ್ಟು ಕೂರುತ್ತಿದ್ದೆ.

ಹೇಗೆ ಕೇಳುವುದು? ಎದುರುಬದುರು ಕೂರಿಸಿಕೊಂಡು, ಅಪ್ಪ ಅಮ್ಮ ಇಬ್ಬರೂ ಕೋರ್ಟಿನ ಹಾಗೆ ಕೇಳಬೇಡಿ. ಒಬ್ಬರು ತಾಯಿ ನನಗೆ ಹೇಳಿದ್ದು ನೆನಪಿದೆ. ಅದೂ ಇಂಥದ್ದೇ ಚಳಿಗಾಲ, ಅವರೆಕಾಯಿ ಕಾಲ. ನೆನೆಹಾಕಿದ ಅವರೆಕಾಳನ್ನು ಪಾತ್ರೆಯಲ್ಲಿಟ್ಟುಕೊಂಡು ತಾಯಿ ಮಗಳು ಅಡುಗೆಮನೆಯ ನೆಲದ ಮೇಲೆ ಕೂತು ಹಿತಕುತ್ತಿದ್ದರಂತೆ. ಹೆಬ್ಬೆರಳಿನಲ್ಲಿ ಒತ್ತಿದರೆ ಸಿಪ್ಪೆ ಬಿಟ್ಟು ಬೇಳೆ ಜಾರಿ ಪಾತ್ರೆಗೆ ಬೀಳುತ್ತದಲ್ಲ, ಆ ಕೆಲಸಕ್ಕೆ ಕಣ್ಣು ಕೆಳಗೇ ಇರಬೇಕು. ಒಬ್ಬರ ಮುಖ ಒಬ್ಬರು ನೋಡಬೇಕಾಗಿಲ್ಲ. ಅರ್ಧ ಪಾತ್ರೆ ಆದ ಮೇಲೆ ತಾಯಿ ಕೇಳಿದರು. ಮಗಳು ತಲೆ ಎತ್ತಲಿಲ್ಲ. ಎರಡು ನಿಮಿಷ ಬರೀ ಹಿತಕಿದಳು. ಆಮೇಲೆ 'ಹೂಂ' ಅಂದಳು. ತಾಯಿಗೆ ಕೈ ನಡುಗಿತಂತೆ, ಆದರೂ ಹಿತಕುವುದನ್ನು ನಿಲ್ಲಿಸಲಿಲ್ಲ. ಅವತ್ತು ಮಗಳು ಒಂದು ಗಂಟೆ ಮಾತಾಡಿದಳು.

ನೀವೂ ಹಾಗೆ ಯಾವುದಾದರೂ ಕೆಲಸದ ಮಧ್ಯೆ ಕೇಳಿ. ತಲೆಗೆ ಎಣ್ಣೆ ಹಚ್ಚುವಾಗ ಆಗಬಹುದು, ಬಸ್ಸಿನಲ್ಲಿ ಪಕ್ಕ ಪಕ್ಕ ಕೂತಾಗ ಆಗಬಹುದು. 'ಪುಟ್ಟಿ, ನಿನ್ನ ನೋಟ್‌ಬುಕ್ಕಲ್ಲಿ ಬರೆದಿದ್ದು ನೋಡ್ದೆ. ಕೇಳ್ದೇ ನೋಡಿದ್ದು ನಂದೇ ತಪ್ಪು. ನೋಡಿದ್ಮೇಲೆ ಸುಮ್ನಿರಕ್ಕೆ ಆಗ್ಲಿಲ್ಲ. ಸತ್ತೋಗ್ಬೇಕು ಅಂತ ಅನ್ಸುತ್ತಾ ನಿಂಗೆ?' ಇಷ್ಟು ಸಾಕು. ಪದ ನುಂಗಬೇಡಿ. 'ಏನೂ ಹುಚ್ಚು ಯೋಚನೆ ಮಾಡ್ತಿಲ್ಲ ತಾನೆ?' ಅಂತ ಕೇಳಿದರೆ 'ಇಲ್ಲ' ಅನ್ನುವ ಉತ್ತರವನ್ನು ನೀವೇ ಬಾಯಿಗೆ ಹಾಕಿದ ಹಾಗೆ.

ಅವಳು ಹೌದು ಅಂದರೆ 'ನಿಂಗೇನ್ ಕಮ್ಮಿ ಮಾಡಿದ್ದೀವಿ' ಅಂತ ಮಾತ್ರ ಅನ್ನಬೇಡಿ. ನಾಲಿಗೆಯ ತುದಿಗೆ ಬರುವುದು ಅದೇ ಮಾತು, ನನಗೆ ಗೊತ್ತು. ನಿಮ್ಮಾಣೆ ನನ್ನಾಣೆ ಹಾಕಿಸಬೇಡಿ. 'ಹೇಳಿದ್ದು ಒಳ್ಳೇದಾಯ್ತು. ನೀನು ನಂಗೆ ಭಾರ ಅಲ್ಲ. ಇದನ್ನ ಇಬ್ರೂ ಸೇರಿ ನೋಡೋಣ' ಅನ್ನಿ. ಎಷ್ಟು ದಿನದಿಂದ ಹೀಗೆ ಅನ್ನಿಸುತ್ತಿದೆ, ಹೇಗೆ ಮಾಡಿಕೊಳ್ಳಬೇಕು ಅಂತ ಯೋಚನೆ ಮಾಡಿದ್ದಾಳಾ, ಅದನ್ನೂ ಕೇಳಿ. ಹೇಗೆ, ಯಾವಾಗ ಅಂತ ಯೋಚಿಸಿಟ್ಟಿದ್ದರೆ ಅದೇ ದಿನ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಅಲ್ಲಿಯವರೆಗೆ ಒಂಟಿಯಾಗಿ ಬಿಡಬೇಡಿ, ರಾತ್ರಿ ಪಕ್ಕದಲ್ಲೇ ಮಲಗಿ. ಇಲ್ಲ ಅಂದರೂ ಒಂದೇ ಸಲಕ್ಕೆ ಬಿಡಬೇಡಿ, ವಾರ ಬಿಟ್ಟು ಮತ್ತೆ ಕೇಳಿ.

ಅವಳು ಏನೇ ಉತ್ತರ ಕೊಡಲಿ, ಮನೆಯಲ್ಲಿರುವ ಮಾತ್ರೆ ಔಷಧಿಗಳನ್ನೆಲ್ಲ ಬೀರುವಿನಲ್ಲಿಟ್ಟು ಬೀಗ ಹಾಕಿ. ನಿಮ್ಮತ್ತೆಯವರದು ಉಳಿದಿದ್ದರೆ ಮನೆಯಿಂದಲೇ ತೆಗೆಯಿರಿ. ಅಪಾಯವಾಗುವಂಥ ಬೇರೆ ಏನಿದ್ದರೂ ಅಷ್ಟೇ. 'ಮಾಡಿಕೊಳ್ಳುವವಳು ಹೇಗಾದರೂ ಮಾಡಿಕೊಳ್ಳುತ್ತಾಳೆ' ಅಂತ ನಿಮ್ಮ ಯಜಮಾನರು ಹೇಳಬಹುದು. ಹಾಗಲ್ಲ. ಈ ವಯಸ್ಸಿನಲ್ಲಿ ಆ ಗಳಿಗೆ ಅಲೆಯ ಹಾಗೆ ಜೋರಾಗಿ ಬಂದು ಇಳಿದುಹೋಗುತ್ತದೆ. ಕೆಲವರಿಗೆ ಅದು ಕೆಲವೇ ನಿಮಿಷ. ಆ ಹೊತ್ತಿನಲ್ಲಿ ಕೈಗೆ ಏನೂ ಸಿಗದಿದ್ದರೆ ಜೀವ ಉಳಿಯುತ್ತದೆ.

ಮೊಬೈಲ್ ಕಿತ್ತುಕೊಳ್ಳಬೇಡಿ. ಅವಳ ಹಳೇ ಬೀದಿಯ ಗೆಳತಿಯರು ಈಗ ಇರುವುದು ಆ ಮೊಬೈಲಿನಲ್ಲಿ ಮಾತ್ರ. ರಾತ್ರಿ ಹತ್ತಕ್ಕೆ ಮನೆಯವರೆಲ್ಲರ ಫೋನೂ, ಅಪ್ಪನದೂ ಸೇರಿ, ಹಾಲಿನ ಮೇಜಿನ ಮೇಲಿರಲಿ. ಮಲಗುವ ಕೋಣೆಗೆ ಬೇಡ. ಆ ಗ್ರೂಪಿನ ಫೋಟೋವನ್ನು ಅಳಿಸುವ ಮೊದಲು ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ. ಹೆಡ್‌ಮಿಸ್ ಹತ್ತಿರ ಬಾಯಲ್ಲಿ ಹೇಳಿ ಬರಬೇಡಿ, ಬರೆದು ಕೊಡಿ, ಪ್ರತಿಗೆ ಸಹಿ ಹಾಕಿಸಿಕೊಳ್ಳಿ. 2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ವಿದ್ಯಾರ್ಥಿಗಳ ಮಾನಸಿಕ ಆರೋಗ್ಯದ ಬಗ್ಗೆ ಮಾರ್ಗಸೂಚಿ ಕೊಟ್ಟಿದೆ. 100 ಅಥವಾ ಅದಕ್ಕಿಂತ ಜಾಸ್ತಿ ವಿದ್ಯಾರ್ಥಿಗಳಿರುವ ಕಡೆ ತರಬೇತಿ ಪಡೆದ ಕೌನ್ಸೆಲರ್ ಇರಬೇಕು ಅಂತ ಅದರಲ್ಲಿದೆ. ನಿಮ್ಮ ಸ್ಕೂಲಿನಲ್ಲಿ ಯಾರಿದ್ದಾರೆ ಅಂತ ಕೇಳಿ. ಕೇಳುವ ಹಕ್ಕು ನಿಮಗಿದೆ.

ಇನ್ನು ಡಾಕ್ಟರ ವಿಷಯ. ಎರಡು ವಾರಕ್ಕಿಂತ ಜಾಸ್ತಿ ನಿದ್ದೆ, ಊಟ, ಓದು ಎಲ್ಲಾ ಕೆಟ್ಟಿದೆ, ಮೇಲೆ ಆ ಸಾಲು ಬೇರೆ. ಮನೆಮದ್ದಿನ ಹಂತ ದಾಟಿದೆ. ಮೊದಲು 14416ಕ್ಕೆ ಫೋನ್ ಮಾಡಿ. ಅದು ಟೆಲಿ-ಮಾನಸ್. 2022ರ ಅಕ್ಟೋಬರ್ 10ಕ್ಕೆ ಶುರುವಾದ ಸರಕಾರಿ ಸಹಾಯವಾಣಿ, ನಮ್ಮ ನಿಮ್ಹಾನ್ಸೇ ಅದಕ್ಕೆ ಮುಖ್ಯ ಕೇಂದ್ರ. ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ಮಗಳಿಗಷ್ಟೇ ಅಂತಿಲ್ಲ, ನೀವೂ ಮಾಡಬಹುದು. ಆಮೇಲೆ ಹೊಸೂರು ರಸ್ತೆಯ ನಿಮ್ಹಾನ್ಸ್‌ಗೆ ಕರೆದುಕೊಂಡು ಹೋಗಿ. ಅಲ್ಲಿ ಮಕ್ಕಳಿಗೆ, ಹದಿಹರೆಯದವರಿಗೆ ಅಂತಲೇ ಬೇರೆ ವಿಭಾಗವಿದೆ. ಔಷಧಿ ಬರೆದುಕೊಟ್ಟರೆ ನೀವಾಗೇ ನಿಲ್ಲಿಸಬೇಡಿ. ಮೊದಲ ಕೆಲವು ವಾರ ಅವಳನ್ನು ಹತ್ತಿರದಿಂದ ನೋಡಿಕೊಳ್ಳಿ, ಚಡಪಡಿಕೆ ಜಾಸ್ತಿಯಾದರೆ ತಕ್ಷಣ ಡಾಕ್ಟರಿಗೆ ಹೇಳಿ.

'ನಿಮ್ಹಾನ್ಸಾ? ಅದು ಹುಚ್ಚಾಸ್ಪತ್ರೆ ಅಲ್ವಾ?' ಅಂತ ನಿಮ್ಮ ಮನೆಯಲ್ಲೂ ಯಾರಾದರೂ ಅಂದೇ ಅನ್ನುತ್ತಾರೆ. ನಮ್ಮ ಊರಿನಲ್ಲಿ ಜಗಳಕ್ಕೂ ತಮಾಷೆಗೂ ಆ ಹೆಸರು ಬಳಸುವುದು ಕೇಳಿದಾಗಲೆಲ್ಲ ನನಗೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಬೇರೆ ಊರುಗಳಿಂದ ರಾತ್ರಿಯೆಲ್ಲ ರೈಲಿನಲ್ಲಿ ಕೂತು ಜನ ಅಲ್ಲಿಗೆ ಬರುತ್ತಾರೆ. ನಮಗೆ ಒಂದು ಬಸ್ಸಿನ ದೂರ, ನಾವು ನಾಚಿಕೊಂಡು ಕೂತಿರುತ್ತೇವೆ. ಪೊಲೀಸ್ ಕೇಸ್ ಆಗುತ್ತದೆ ಅನ್ನುವ ಭಯವೂ ಬೇಡ. ಯೋಚನೆ ಬರುವುದು ಯಾವ ಅಪರಾಧವೂ ಅಲ್ಲ. 2017ರ ಮಾನಸಿಕ ಆರೋಗ್ಯ ಕಾಯ್ದೆಯ ಪ್ರಕಾರ, ಪ್ರಯತ್ನ ಮಾಡಿದವರನ್ನು ಕೂಡ ತೀವ್ರ ಒತ್ತಡದಲ್ಲಿದ್ದವರು ಅಂತಲೇ ತಿಳಿದು ಚಿಕಿತ್ಸೆ ಕೊಡಬೇಕು, ಶಿಕ್ಷೆ ಕೊಡುವ ಹಾಗಿಲ್ಲ.

ನಿಮ್ಮ ಯಜಮಾನರಿಗೆ ಒಂದು ಮಾತು. ಸಾರ್, ಇದನ್ನು ನೀವು ಓದುತ್ತೀರಿ ಅಂದುಕೊಂಡು ನನ್ನದೇ ಒಂದು ತಪ್ಪನ್ನು ಹೇಳುತ್ತೇನೆ. ನಾನು ಕೌನ್ಸೆಲರ್ ಆಗಿದ್ದ ಸ್ಕೂಲಿನಲ್ಲಿ ಒಂಬತ್ತನೇ ಕ್ಲಾಸಿನ ಹುಡುಗನೊಬ್ಬ ಎರಡು ತಿಂಗಳಿನಿಂದ ಮಂಕಾಗಿದ್ದ. ಒಂದು ಶುಕ್ರವಾರ ನಗುನಗುತ್ತಾ ಬಂದ. ತನ್ನ ಕ್ರಿಕೆಟ್ ಬ್ಯಾಟನ್ನು ಏಳನೇ ಕ್ಲಾಸಿನ ಹುಡುಗನಿಗೆ ಕೊಟ್ಟುಬಿಟ್ಟ. ಹಿಡಿಕೆಗೆ ಹಸಿರು ಟೇಪು ಸುತ್ತಿದ್ದ ಬ್ಯಾಟು, ಅದನ್ನು ಯಾರಿಗೂ ಮುಟ್ಟಲೂ ಬಿಡುತ್ತಿರಲಿಲ್ಲ. ನಾನು, ಪಿಟಿ ಮಾಸ್ಟರು ಇಬ್ಬರೂ 'ಸದ್ಯ, ಸರಿಹೋದ' ಅಂದುಕೊಂಡೆವು. ನಾನು 'ಎಷ್ಟು ಒಳ್ಳೇ ಮನಸ್ಸು ನಿಂದು' ಅಂತ ಬೆನ್ನು ತಟ್ಟಿದೆ. ಅವತ್ತು ರಾತ್ರಿ ಅವನನ್ನು ಆಸ್ಪತ್ರೆಗೆ ಸೇರಿಸಿದರು. ಅಕ್ಕ ಸಮಯಕ್ಕೆ ಸರಿಯಾಗಿ ನೋಡಿದ್ದರಿಂದ ಉಳಿದ. ಈಗ ಅವನಿಗೆ ಮದುವೆಯಾಗಿ ಮಗುವಿದೆ. ಎಷ್ಟೋ ವರ್ಷದ ಮೇಲೆ ಸಿಕ್ಕಾಗ ಅವನೇ ಹೇಳಿದ, 'ಮೇಡಂ, ಅವತ್ತು ಬ್ಯಾಟ್ ಯಾಕೋ ಕೊಟ್ಟೆ ಅಂತ ಯಾರಾದ್ರೂ ಕೇಳಿದ್ರೆ ಹೇಳ್ಬಿಡ್ತಿದ್ದೆ.' ಪ್ರೀತಿಯ ವಸ್ತುಗಳನ್ನು ಹಂಚಿಬಿಡುವುದು, ಬಹಳ ದಿನದ ಸಂಕಟದ ನಂತರ ಇದ್ದಕ್ಕಿದ್ದಂತೆ ಶಾಂತವಾಗಿಬಿಡುವುದು, ಇವೆರಡೂ ಎಚ್ಚರಿಕೆ ಅಂತ ನಾನು ಪುಸ್ತಕದಲ್ಲಿ ಓದಿದ್ದೆ. ಆದರೂ ಕೇಳಲಿಲ್ಲ. ನೀವು ಕೇಳಿ ಸಾರ್. ಅವಳಿಗೆ ಅಪ್ಪನ ಬಾಯಿಂದ 'ನೀನು ಭಾರ ಅಲ್ಲ' ಅಂತ ಕೇಳಬೇಕಾಗಿದೆ.

ಪರೀಕ್ಷೆಯದೂ ಹೇಳಿಬಿಡುತ್ತೇನೆ. 2024ರಿಂದ ಎಸ್‌ಎಸ್‌ಎಲ್‌ಸಿಯನ್ನು ಅದೇ ವರ್ಷದಲ್ಲಿ ಮತ್ತೆ ಬರೆದು, ಜಾಸ್ತಿ ಬಂದ ಅಂಕವನ್ನೇ ಇಟ್ಟುಕೊಳ್ಳಬಹುದು. ಇದನ್ನು ಅವಳಿಗೆ ಈಗಲೇ ತಿಳಿಸಿ, ರಿಸಲ್ಟ್ ಬಂದ ಮೇಲಲ್ಲ.

ಪ್ರಶ್ನೆ: ನಾನು ಸೆಕೆಂಡ್ ಪಿಯುಸಿ, ಸೈನ್ಸ್. ನನ್ನ ಬೆಸ್ಟ್ ಫ್ರೆಂಡ್ ಮೊನ್ನೆ ಮೆಟ್ರೋದಲ್ಲಿ ಬರುವಾಗ 'ಬದುಕೋಕೆ ಇಷ್ಟ ಇಲ್ಲ ಕಣೋ' ಅಂದ. ಯಾರಿಗೂ ಹೇಳಲ್ಲ ಅಂತ ನನ್ನ ಹತ್ತಿರ ತಾಯಾಣೆ ಹಾಕಿಸಿಕೊಂಡಿದ್ದಾನೆ. ಹೇಳಿದರೆ ಫ್ರೆಂಡ್‌ಶಿಪ್ ಕಟ್. ಏನು ಮಾಡಲಿ ಮೇಡಂ?

ಉತ್ತರ: ಆಣೆ ಮುರಿ. ನಿಮ್ಮ ತಾಯಿಗೆ ಅದರಿಂದ ಏನೂ ಆಗುವುದಿಲ್ಲ, ಬೇಕಾದರೆ ಅವರನ್ನೇ ಕೇಳಿ ನೋಡು.

ಅವನು ನಿನ್ನ ಹತ್ತಿರ ಬಾಯಿಬಿಟ್ಟ ಅಂದರೆ ಅವನ ಒಳಗೆ ಬದುಕಬೇಕು ಅನ್ನುವುದು ಇನ್ನೂ ಇದೆ ಕಣಪ್ಪಾ. ಪೂರ್ತಿ ಬೇಡವಾಗಿದ್ದರೆ ನಿನಗೆ ಯಾಕೆ ಹೇಳುತ್ತಿದ್ದ? ಆದರೆ 17 ವರ್ಷದ ನೀನು ಒಬ್ಬನೇ ಇದನ್ನು ಹೊರುವುದು ಬೇಡ. ಮೊದಲು ಅವನಿಗೇ ಹೇಳು: 'ಮಗಾ, ನಾನು ಸುಮ್ನಿರಲ್ಲ, ಒಬ್ರು ದೊಡ್ಡೋರಿಗೆ ಹೇಳ್ತೀನಿ, ಬೇಕಾದ್ರೆ ಇಬ್ರೂ ಹೋಗೋಣ.' ಕಾಲೇಜಿನ ಲೆಕ್ಚರರ್ ಆಗಬಹುದು, ಅವನ ಚಿಕ್ಕಮ್ಮನೋ ಅಣ್ಣನೋ ಆಗಬಹುದು. ಅವನ ಮನೆಯಲ್ಲೇ ತೊಂದರೆ ಇದ್ದರೆ ಮನೆಯವರನ್ನು ಬಿಟ್ಟು ಬೇರೆಯವರನ್ನು ಹುಡುಕು. 18 ತುಂಬದ ಮಕ್ಕಳಿಗೆ 1098 ಇದೆ, ಫೋನ್ ಮಾಡಿದರೆ ಸಹಾಯಕ್ಕೆ ಜನ ಬರುತ್ತಾರೆ. 14416 ನಿನಗೂ ಸಿಗುತ್ತದೆ, ಅವನಿಗೂ ಸಿಗುತ್ತದೆ. ಇವತ್ತೇ ಏನಾದರೂ ಮಾಡಿಕೊಂಡುಬಿಡುತ್ತಾನೆ ಅನ್ನಿಸಿದರೆ ಅವನ ಜೊತೆಯಲ್ಲೇ ಇದ್ದು 112ಕ್ಕೆ ಫೋನ್ ಮಾಡು.

ಸಿಟ್ಟು ಮಾಡಿಕೊಳ್ಳುತ್ತಾನೆ, ಇರಲಿ. ಒಂದು ವಾರ ಮಾತು ಬಿಡಬಹುದು. ನೀನು ಬಿಡಬೇಡ. ಕಾಲೇಜಿಗೆ ಹೋಗುವಾಗ ಅದೇ ಮೆಟ್ರೋ ಹತ್ತು, ಪಕ್ಕದಲ್ಲೇ ನಿಂತಿರು.

ಇದು ನಿನ್ನ ಕೈ ಸೇರಿದ ದಿನವೇ ಹೇಳು. ಹೇಳಿದ ಮೇಲೆ ಏನಾಯಿತು ಅಂತ ನನಗೆ ಒಂದು ಸಾಲು ಬರೆ. ಕಾಯುತ್ತಿರುತ್ತೇನೆ.